ಲಾಜರನ ರೆಪ್ಪೆ

ಕಲ್ಲಿನ ಗವಿ, ಪಕ್ಕಕ್ಕೆ ಉರುಳಿಸಿದ ಬಂಡೆ. ಎಡಗಡೆ ಯೇಸು, ಎತ್ತಿದ ಕೈ ಎತ್ತಿದಂತೆಯೇ. ಅವನ ಪಾದದ ಬಳಿ ಸತ್ತವನ ಅಕ್ಕತಂಗಿಯರು; ಅತ್ತು ಮುಗಿದ ಮೇಲೆ ಉಳಿಯುವ ಮುಖಗಳು. ಹಿಂದೆ, ಹೆಣದ ವಾಸನೆಗೆ ಅಂಜಿ ಮೂಗು ಮುಚ್ಚಿಕೊಂಡ ಒಬ್ಬ ನೆರೆಯವ. ಗವಿಯ ಬಾಯಲ್ಲಿ, ಸುತ್ತಿದ ಬಟ್ಟೆಯಲ್ಲೇ, ಕರೆಗೆ ಓಗೊಟ್ಟು ಎದ್ದುಬಂದ ಲಾಜರ. ಎಲ್ಲರೂ ಅವನನ್ನು ನೋಡುತ್ತಿದ್ದಾರೆ. ಅವನು ಯಾರನ್ನೂ ನೋಡುತ್ತಿಲ್ಲ. ಅವನ ಕಣ್ಣು ಮುಚ್ಚಿದೆ.

ಚರ್ಚಿನ ಬಲಿಪೀಠದ ಹಿಂದೆ ನಿಲ್ಲುವ, ಈ ಚಿತ್ರ ಬರೆದ ಮರದ ಫಲಕ ಈಗ ನನ್ನ ಕಾರ್ಯಶಾಲೆಯ ಗೋಡೆಗೆ ಒರಗಿದೆ. ಲಾಜರನ ಮುಖ ಮೂಲ ಚಿತ್ರಕಾರನದಲ್ಲ. ಮೇಣದಬತ್ತಿಯ ಹೊಗೆ ಹಿಡಿದು ಅದು ಕಪ್ಪಾಗಿದ್ದಾಗ, ನನ್ನ ಹಾಗೆಯೇ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುತ್ತಿದ್ದ ಅಣ್ಣ ಅದರ ಮೇಲೆ ಹೊಸದನ್ನು ಬರೆದ. ಆ ವರ್ಷವೇ ಅವನ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಬರೆದದ್ದು ಮಗನ ಮುಖ. ಈಗ ಅಣ್ಣನೂ ಇಲ್ಲ. ಅವನ ಬಣ್ಣ ತೆಗೆದು ಅಡಿಯ ಮುಖವನ್ನು ಕಾಣಿಸಬೇಕೆಂದು ಚರ್ಚಿನವರ ತೀರ್ಮಾನ; ನಾನು ಒಲ್ಲೆನೆಂದರೆ ಇನ್ಯಾರೋ ತೆಗೆಯುತ್ತಾರೆ. ಅತ್ತಿಗೆಗೆ ಹೇಳಿಕಳಿಸಿದೆ.

ಬಂದವರು ಕೈಚೀಲವನ್ನೂ ಇಳಿಸಲಿಲ್ಲ. ಮೊದಲು ನೋಡಿದ್ದು ಮಗನನ್ನಲ್ಲ.

"ಈ ಮೂಗು ಮುಚ್ಕೊಂಡಿರೋನು ಥೇಟ್ ನೀನೇ ಕಣಪ್ಪಾ. ನನ್ನ ಅಡುಗೆ ಮುಂದೆ ಕೂತಾಗ ಇದೇ ಮುಖ."

"ಅಣ್ಣ ಉಣ್ತಿದ್ನಲ್ಲ ಅತ್ತಿಗೆ."

"ಅವರಿಗೆ ನಾಲಿಗೆ ಅನ್ನೋದು ಎಲ್ಲಿತ್ತು?"

ಇಬ್ಬರೂ ನಗಲಿಲ್ಲ.

ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ: ಎಲ್ಲವನ್ನೂ ಒರೆಸುವುದಿಲ್ಲ, ಮೊದಲು ಹೇಗಿತ್ತೆಂಬುದಕ್ಕೆ ಸಾಕ್ಷಿಯಾಗಿ ಒಂದು ಚಿಕ್ಕ ಚೌಕವನ್ನು ಹಾಗೆಯೇ ಬಿಡುತ್ತೇವೆ.

"ಉಗುರಿನಷ್ಟು ಉಳಿಸ್ಬಹುದು. ಎಲ್ಲಿ ಅಂತ ನೀವೇ ಹೇಳಿ."

ಅವರ ಬೆರಳು, ಮುಟ್ಟದೆ, ಕಿವಿಯಿಂದ ಗಲ್ಲಕ್ಕೆ, ಗಲ್ಲದಿಂದ ತುಟಿಗೆ ಸರಿಯಿತು. ರೆಪ್ಪೆಯ ಎದುರು ನಿಂತಿತು.

"ಎದ್ದುಬಂದೋನಿಗೆ ಯಾರಾದ್ರೂ ಕಣ್ಣು ಮುಚ್ಚಿಸ್ತಾರಾ?"

"ಅಣ್ಣ ಮಗನ್ನ ಕೊನೇಲಿ ನೋಡಿದ್ದು ಹಾಗೇ ಅಲ್ವಾ. ಕೈಗೆ ಅದೇ ಬಂತೇನೋ."

"ಇಷ್ಟು ವರ್ಷ ಚರ್ಚಲ್ಲಿ ಮುಂದಿನ ಸಾಲಲ್ಲೇ ಕೂತೆ. ಇವತ್ತು ಕಣ್ಣು ಬಿಡ್ತಾನೆ, ನಾಳೆ ಬಿಡ್ತಾನೆ ಅಂತ." ಫಲಕದತ್ತ ಬಾಗಿ ಕೇಳಿದರು, "ಅಡೀಲಿರೋನಿಗೆ?"

"ತೆರೆದಿದೆ. ಎಕ್ಸ್‌ರೇಲಿ ಕಂಡಿತು."

"ಯಾರವನು?"

"ಯಾರಿಗೆ ಗೊತ್ತು? ಯಾರ ಮಗನೋ."

ಅವರು ಬೆರಳನ್ನು ಹಿಂದಕ್ಕೆಳೆದುಕೊಂಡರು. "ಹಾಗಾದ್ರೆ ಪೂರ್ತಿ ಒರೆಸಿಬಿಡು. ಚೂರೂ ಉಳಿಸ್ಬೇಡ. ನನ್ನ ಮಗನಿಗೂ ನಿಂತು ನಿಂತು ಸಾಕಾಗಿರುತ್ತೆ."

"ಇನ್ನೊಂದು ದಿನ ಯೋಚ್ನೆ ಮಾಡಿ, ಅತ್ತಿಗೆ."

"ಬೇಡ. ಈಗ್ಲೇ. ನಾನು ಆಚೆ ಹೋಗ್ತೀನಿ, ಅಷ್ಟು ತಡಿ."

ಕಡ್ಡಿಗೆ ಹತ್ತಿ ಸುತ್ತಿದೆ, ಬಣ್ಣ ಕರಗಿಸುವ ದ್ರಾವಣದಲ್ಲಿ ಅದ್ದಿದೆ. ದುಃಖವಾಗಬೇಕಿತ್ತು. ಬೆರಳ ತುದಿ ತಣ್ಣಗಾಗಿದ್ದಷ್ಟೇ ತಿಳಿಯಿತು. ಅತ್ತಿಗೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಯಾವುದೋ ಅಂಗಡಿಯಿಂದ ಹೊರಡುವವರಂತೆ ನಡೆದರು. ಅವರ ಬೆನ್ನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.