ಬಾಳಮ್ಮನ ಬೈಗುಳ

“ಏ ಹಾಳಾದವನ, ನಡಿ ಆಚಿ!” ಎಂದು ಫೋನು ಕಿರುಚಿತು.

ಮಾಳಿಗೆಯ ಮೇಲೆ ಸಂಡಿಗೆ ತಿರುವಿಹಾಕುತ್ತಿದ್ದ ಬಾಳಮ್ಮ ಬೆಚ್ಚಿ ನೆಟ್ಟಗಾದಳು. ಬೈದದ್ದು ಅವಳದೇ ದನಿ.

“ಏನ್ ಧಾಡಿ ಆಗೇತಿ ಇದಕ್ಕ? ನನ್ನ ದನೀಲೆ ನನಗ ಬೈತೈತಲ್ಲ!”

ಅವಳತ್ತ ಫೋನು ಹಿಡಿದಿದ್ದ ಮೊಮ್ಮಗಳು ಗೀತಾಂಜಲಿಯ ಮುಖ ಸಪ್ಪಗಾಯಿತು. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಅವಳು, ಬಾದಾಮಿಯ ಈ ಮಾಳಿಗೆಗೆ ಮಂಗ ಬಂದರೆ ಗುರುತು ಹಿಡಿದು, ಅಜ್ಜಿಯ ಬೈಗುಳವನ್ನೇ ನುಡಿಸುವ ಪ್ರೋಗ್ರಾಂ ಬರೆದಿದ್ದಳು. ಬೇಸಿಗೆ ರಜೆಯಲ್ಲಿ ತಮ್ಮ ಸಂಶೋಧನೆಗೆ ಒಬ್ಬ ವಿದ್ಯಾರ್ಥಿಯನ್ನಷ್ಟೇ ಸೇರಿಸಿಕೊಳ್ಳಲಿದ್ದ ಅವಳ ಕಾಲೇಜಿನ ಶಂಕರಲಿಂಗ ಸರ್ ಅದನ್ನು ನೋಡಲೆಂದೇ ಬಂದು ಕೂತಿದ್ದರು.

ಅಷ್ಟರಲ್ಲಿ ನಿಜವಾದ ಮಂಗವೇ ಹಾರಿಬಂತು. ಹಿಡಿ ಸಂಡಿಗೆ ಬಾಚಿಕೊಂಡು, ಸುಣ್ಣ ಬಳಿದ ಗೋಡೆಯ ಮೇಲೆ ಫೋನಿಗೆ ಎದುರಾಗಿ ಕೂತಿತು. ಫೋನು ತೆಪ್ಪಗಿತ್ತು. ಮಂಗ ಕಟಕಟ ಅಗಿಯುವುದೊಂದೇ ಸದ್ದು.

“ಭಾಳ ಶಾಣ್ಯಾ ಐತಿ ನಿನ್ನ ಫೋನು,” ಎಂದಳು ಬಾಳಮ್ಮ. “ಮಂಗ್ಯಾಗ ಮರ್ಯಾದಿ, ನನಗ ಬೈಗುಳ.”

“ಸರ್, ಫೋಟೋ ತೋರಿಸಿದ್ರ ಎಲ್ಲಾ ಬರೋಬ್ಬರಿ ಹೇಳ್ತಿತ್ರಿ, ಖರೇನ್ರಿ...”

“ಇರ್ಲಿ ಬಿಡು. ಯಾಕ ಹಿಂಗಾತು?”

ಗೀತಾಂಜಲಿ ಪ್ರೋಗ್ರಾಂಗೆ ಕಲಿಸಲು ಬಳಸಿದ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಎಲ್ಲವನ್ನೂ ಗುಹೆಗಳ ಕೆಳಗೆ ತೆಗೆದದ್ದು. ಪ್ರತಿ ಮಂಗದ ಹಿಂದೆಯೂ ಕೆಂಪು ಬಂಡೆ. ತಲೆಯೆತ್ತಿದರೆ ಅಜ್ಜಿಯ ಹಿಂದೆಯೂ ಕೆಂಪು ಕಲ್ಲಿನ ಗೋಡೆ.

“ಆಯಿ, ಚೂರು ಸರಿ.”

ಬರಿಯ ಕೆಂಪು ಗೋಡೆಗೆ ಫೋನು ಹಿಡಿದಳು.

“ಏ ಹಾಳಾದವನ, ನಡಿ ಆಚಿ!”

ಸರ್ ಇದ್ದಾರೆಂಬುದನ್ನೂ ಮರೆತು ಅವಳು ಕುಣಿದೇಬಿಟ್ಟಳು. “ಇದು ಮಂಗ್ಯಾನ ಕಲ್ತೇ ಇಲ್ರಿ ಸರ್! ಹಿಂದಿನ ಕಲ್ಲು ಕಲ್ತೈತ್ರಿ!”

“ಮುಂದ?”

“ಬ್ಯಾರೆ ಬ್ಯಾರೆ ಜಾಗಾದಾಗ ಫೋಟೋ ತಗೀತೇನ್ರಿ. ಆದ್ರ ಇದು ಇನ್ನೂ ಏನೇನು ಸುಳ್ಳು ಕಲ್ತೈತೋ, ಅದನ್ನ ಹೆಂಗ ಹುಡಕೋದ್ರಿ?”

ಸರ್ ಅರೆ ಒಣಗಿದ ಸಂಡಿಗೆಯೊಂದನ್ನು ಬಾಯಿಗೆ ಹಾಕಿಕೊಂಡರು. “ನನಗೂ ಪೂರಾ ಗೊತ್ತಿಲ್ಲ. ರಜಾದಾಗ ಬಾ, ಕೂಡೇ ಹುಡಕೂಣು.”

ಸಂಜೆ ಬಾಳಮ್ಮ ಸುಣ್ಣದ ಗೋಡೆಯ ಪಕ್ಕ ಅಂಗೈ ತುಂಬ ಸಂಡಿಗೆ ಹಿಡಿದು ನಿಂತಿದ್ದಳು. ಜೀವಮಾನವಿಡೀ ಬೈದ ಬಾಯಲ್ಲಿ, “ಬಾರೋ ನಮ್ಮಪ್ಪಾ, ಇತ್ತ ನೋಡು,” ಎಂದು ರಮಿಸುತ್ತಿದ್ದಳು. ಗೀತಾಂಜಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ಫೋನು ಎತ್ತಿದಳು. ಬಿಳಿ ಗೋಡೆಯ ಮೇಲಿಂದ ಒಂದು ಕಪ್ಪು ಕೈ ಮೆಲ್ಲಗೆ ಕೆಳಗಿಳಿಯಿತು.