ಹಲ್ಲುಬ್ಬನ ವಯಸ್ಸು

ಆ ಮೀನಿಗೆ ಪ್ರಯೋಗಾಲಯದಲ್ಲಿ ಹಲ್ಲುಬ್ಬ ಎಂದೇ ಹೆಸರು. ನದಿಯ ಆಳದ ಮಡುಗಳಲ್ಲಿ ಬೇಟೆಯಾಡುವ ಅದು ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆಂದು ಯಾರೂ ಪರಿಶೀಲಿಸಿರಲಿಲ್ಲ. ಎರಡು ವರ್ಷದಲ್ಲಿ ಸಿಕ್ಕ ನೂರ ಹದಿನೆಂಟು ಮೀನುಗಳ ಹೊಟ್ಟೆಯನ್ನು ಅಲ್ಲೇ ಕೆಲಸ ಮಾಡುವ ಅಕ್ಕ ತಂಗಿ ಇಬ್ಬರೇ ಸೀಳಿ ನೋಡಿದ್ದರು. ಅರವತ್ತಮೂರು ಖಾಲಿ. ಉಳಿದವುಗಳಲ್ಲಿ ಸಣ್ಣ ಮೀನು, ಕಪ್ಪೆ, ಒಂದರಲ್ಲಿ ಬಾತುಮರಿ.

“ನಿನ್ನ ಗಂಡನ ತರಾನೇ,” ಎಂದಿದ್ದಳು ಅಕ್ಕ. “ಏನೂ ತಿಂದಿಲ್ಲ ಅಂತಾನೆ, ಮೈ ಮಾತ್ರ ಬೆಳೀತಾನೇ ಇದೆ.”

ಉಳಿದಿದ್ದು ವಯಸ್ಸು. ಮೀನಿನ ತಲೆಯೊಳಗಿನ ಕಿವಿಕಲ್ಲಿನಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಕಲ್ಲನ್ನು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಒಟ್ಟಿಗೆ ಕೂತು ಮತ್ತೆ ನೋಡಬೇಕು. ಆಗಲೂ ಹೊಂದದಿದ್ದರೆ ಆ ಮೀನನ್ನು ಕೈಬಿಡಬೇಕು. ಹತ್ತೊಂಬತ್ತು ವರ್ಷದ ಹಿಂದೆ ತಂಗಿಗೆ ಈ ಎಣಿಕೆ ಕಲಿಸಿದವಳು ಅಕ್ಕನೇ.

ಇಬ್ಬರ ಅಂಕಿಗಳನ್ನೂ ಒಂದೇ ಹಾಳೆಗೆ ಇಳಿಸಿದಾಗ ಇಪ್ಪತ್ತಾರು ಕಲ್ಲುಗಳು ಹೊಂದಲಿಲ್ಲ. ಎಲ್ಲವೂ ದೊಡ್ಡ ಮೀನುಗಳವು. ಮುದಿ ಮೀನು ನಿಧಾನವಾಗಿ ಬೆಳೆಯುವುದರಿಂದ ಅಂಚಿನ ಉಂಗುರಗಳು ಒತ್ತೊತ್ತಾಗಿರುತ್ತವೆ. ಅವು ಅಕ್ಕನ ಎಣಿಕೆಗೆ ಬಂದೇ ಇರಲಿಲ್ಲ. ಇಪ್ಪತ್ತಾರನ್ನೂ ಕೈಬಿಟ್ಟರೆ ಹಲ್ಲುಬ್ಬ ಇಪ್ಪತ್ತು ವರ್ಷ ದಾಟುವುದಿಲ್ಲವೆಂಬ ಸುಳ್ಳು ವರದಿಯಾಗುತ್ತದೆ. ಉಳಿಸಿಕೊಳ್ಳಬೇಕಾದರೆ ಅಕ್ಕನ ಎಣಿಕೆಯನ್ನು ತೆಗೆದು ಬೇರೊಬ್ಬರಿಂದ ಎಣಿಸಬೇಕು.

ಅದಕ್ಕೂ ಮೊದಲು, ನಿಯಮದಂತೆ, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮತ್ತೆ ನೋಡಲು ಕೂತರು.

“ಇಪ್ಪತ್ತೆರಡು,” ಎಂದಳು ಅಕ್ಕ. “ನಿಂದೆಷ್ಟು?”

“ಮೂವತ್ತೊಂದು.”

ಅಕ್ಕ ಸೂಕ್ಷ್ಮದರ್ಶಕದ ತಿರುಪನ್ನು ಹಿಂದೆ ಮುಂದೆ ತಿರುಗಿಸಿದಳು. “ಹೌದು ಕಣೇ, ಮೂವತ್ತೊಂದೇ. ನಿಂದು ಹದ್ದಿನ ಕಣ್ಣು.”

ಎರಡನೆಯ ಕಲ್ಲಿಗೂ ತಂಗಿ ಹೇಳಿದ್ದನ್ನೇ ಒಪ್ಪಿದಳು. ಮೂರನೆಯದರಲ್ಲಿ ಇದ್ದದ್ದು ಇಪ್ಪತ್ತೇಳು ಉಂಗುರ. ತಂಗಿ ಬೇಕೆಂದೇ ಮೂವತ್ತೆಂಟು ಎಂದಳು.

ಅಕ್ಕ ಬಹಳ ಹೊತ್ತು ನೋಡಿದಳು. “ಸರಿಯಾಗಿದೆ. ಬರ್ಕೋ.”

“ಅಕ್ಕಾ, ಅದು ಇಪ್ಪತ್ತೇಳು.”

ಅಕ್ಕ ಸೂಕ್ಷ್ಮದರ್ಶಕದ ದೀಪ ಆರಿಸಿದಳು. “ನನಗೇ ಪರೀಕ್ಷೆ ಇಟ್ಯೇನೇ?”

ತಂಗಿ ಪೆನ್ನನ್ನು ಕೆಳಗಿಟ್ಟಳು.

“ಡಾಕ್ಟ್ರು ಹೇಳಿ ಆರು ತಿಂಗಳಾಯ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ. ಇದೊಂದನ್ನ ಮುಗಿಸಿಬಿಡೋಣ ಅಂದ್ಕೊಂಡೆ.” ಅಕ್ಕ ಕೈ ಚಾಚಿದಳು. “ಆ ಹಾಳೆ ಕೊಡು. ನನ್ನ ಎಣಿಕೆ ನಾನೇ ಹೊಡೆದು ಹಾಕ್ತೀನಿ. ನೀನು ಹೊಡೀಬೇಡ.”

ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡು, ಪೆನ್ನನ್ನು ಒತ್ತಿ ಹಿಡಿದು ಮೇಲಿನಿಂದ ಗೆರೆ ಎಳೆಯತೊಡಗಿದಳು. ಗೆರೆ ತಂಗಿಯ ಅಂಕಿಗಳ ಮೇಲೆ ಇಳಿಯುತ್ತಿತ್ತು. ತಂಗಿ ಆ ಕೈ ಹಿಡಿದು ಪಕ್ಕದ ಸಾಲಿಗೆ ಸರಿಸಿದಳು.