ಹದಿನಾರನೆಯ ಕಾಗದ

ನನ್ನಂಥವಳು ಇದನ್ನು ಬರೆಯಲು ಹೊರಟಿದ್ದಕ್ಕೆ ಕ್ಷಮೆಯಿರಲಿ. ನಾನು ಓದುಬರಹ ಕಲಿತದ್ದೇ ಇಗರ್ಜಿಯ ಸಂಜೆ ತರಗತಿಯಲ್ಲಿ. ಆದರೆ ಆ ಶೋಧದ ದಿನ ಅಲ್ಲಿದ್ದ ಬೇರೆ ಯಾರೂ ಇದನ್ನು ಬರೆದಿಲ್ಲ.

ಅಮೆರಿಕದ ಉತ್ತರ-ದಕ್ಷಿಣದ ಯುದ್ಧದ ಎರಡನೆಯ ವರ್ಷ. ವಾಷಿಂಗ್ಟನ್‌ನಲ್ಲಿ ಅನುಮಾನ ಬಂದ ಹೆಂಗಸರ ಮೈ ಶೋಧಿಸುವ ಕೆಲಸ ನನ್ನದು; ಸಿಪಾಯಿಗಳು ಅವರನ್ನು ಮುಟ್ಟುವಂತಿರಲಿಲ್ಲ. ಆ ಮಧ್ಯಾಹ್ನ ಕ್ಯಾಪ್ಟನ್ ಪ್ರೆಸ್ಕಾಟ್ ಜೊತೆ ಲವೀನಿಯಾ ಕಾರ್ಟರೆಟ್ ಎಂಬ ವಿಧವೆಯ ಮನೆಗೆ ಹೋದೆ. ದಕ್ಷಿಣದವರಿಗೆ ಸುದ್ದಿ ಕಳಿಸುತ್ತಾಳೆಂದು ದೂರಿತ್ತು. ಆಕೆಯ ಬಳೆಕಮಾನು ಕಟ್ಟಿದ ಅಗಲ ಲಂಗದ ಒಳಪದರ ಬಿಚ್ಚಿದರೆ ಮೂರು ಕಾಗದ!

"ಭೇಷ್ ಹನೋರಾ! ಹಕ್ಕಿ ಗೂಡು ಸಮೇತ ಸಿಕ್ತು!" ಕ್ಯಾಪ್ಟನ್ ಕುಣಿದೇಬಿಟ್ಟರು.

ಪ್ರತಿ ಕಾಗದದ ಮೇಲ್ತುದಿಯಲ್ಲೂ ಅಂಕಿ ಇತ್ತು. ಯುದ್ಧ ಶುರುವಾದ ಮೇಲೆ ಎಲ್ಲರೂ ಹಾಗೆಯೇ ಬರೆಯುತ್ತಿದ್ದೆವು, ದಾರಿಯಲ್ಲಿ ಯಾವುದು ಕಳೆಯಿತೆಂದು ಓದುವವರಿಗೆ ತಿಳಿಯಲಿ ಅಂತ. ಉತ್ತರದ ದಂಡಿನಲ್ಲಿದ್ದ ನನ್ನ ತಮ್ಮ ಫಿಂಟನ್‌ಗೆ ನಾನೂ ಹಾಗೇ ಬರೆಯುತ್ತಿದ್ದೆ. ಇಲ್ಲಿದ್ದದ್ದು ಹದಿನಾಲ್ಕು, ಹದಿನೈದು, ಹದಿನೇಳು.

ನಾನೇ ಒಂದನ್ನು ಬೀಳಿಸಿದೆನೇ? ಲಂಗ ಕೊಡವಿದೆ, ಮೆಟ್ಟಿಲೆಲ್ಲ ಹುಡುಕಿದೆ. ಇಲ್ಲ. ಹದಿನೇಳನ್ನು ಜೋರಾಗಿ ಓದಿದೆ: "ಗಿರಣಿಯ ಬಳಿ ಅವರು ನದಿ ದಾಟುವ ವಿಷಯ ಹಿಂದಿನ ಕಾಗದದಲ್ಲಿದೆ."

ಕ್ಯಾಪ್ಟನ್ ಮುಖ ಬಿಳುಚಿತು. "ನಾಳೆ ಬೆಳಿಗ್ಗೆ ಅಲ್ಲಿ ದಾಟೋದು... ನಿನ್ ತಮ್ಮನ ದಳಾನೇ ಕಣೇ."

ನಾನು ಲವೀನಿಯಾ ಕಡೆ ತಿರುಗಿದೆ. "ಹದಿನಾರು ಎಲ್ಲಮ್ಮಾ?"

"ಓಹೋ, ಲಂಗ ಬಿಚ್ಚೋಳಿಗೆ ಎಣಿಸೋಕೂ ಬರುತ್ತಾ! ಒಲೇನ ಕೇಳು, ಹೇಳಿದ್ರೂ ಹೇಳೀತು."

ಒಲೆಯಲ್ಲಿ ಕಾಗದದ ಬೂದಿ ಇತ್ತು. ಇನ್ನೂ ಬಿಸಿಯಾಗಿತ್ತು.

"ನೋಡು, ಸುಟ್ಟಿದ್ದಾಳೆ," ಎಂದು ಕ್ಯಾಪ್ಟನ್ ಉಸಿರುಬಿಟ್ಟರು.

"ಸುಟ್ಟಿದ್ದು ಬೇರೇನೋ ಆಗಿದ್ದು, ಹದಿನಾರು ಆಗ್ಲೇ ದಕ್ಷಿಣದವ್ರಿಗೆ ಸೇರಿದ್ರೆ ಸಾಹೇಬ್ರೆ? ಹುಡುಗ್ರು ಬೇರೆ ಕಡೆ ದಾಟ್ಲಿ, ನಿಮ್ ಕಾಲಿಗೆ ಬೀಳ್ತೀನಿ!"

"ಬೇರೆ ಕಡೆ ಅಂದ್ರೆ ನದಿ ಮೇಲ್ಗಡೆ ಒಂದೇ ಜಾಗ. ಅಲ್ಲಿ ಸೆಳವು ಎಷ್ಟಿದೆ ಗೊತ್ತೇನು?"

"ಸೆಳವಿನ ಕೈಲಿ ಬಂದೂಕು ಇರಲ್ವಲ್ಲ!"

ಅವರು ಅಲ್ಲೇ ಒಂದು ಚೀಟಿ ಗೀಚಿದರು: ದಳ ಮೇಲ್ಗಡೆ ದಾಟಲಿ. ಆಮೇಲೆ ಮೆಟ್ಟಿಲುಗಳನ್ನು ಹಾರಿ ಇಳಿದು, ಕೆಳಗೆ ಕಾಯುತ್ತಿದ್ದ ಕುದುರೆ ಸವಾರನ ಕೈಗೆ ಅದನ್ನು ತುರುಕಿದರು. "ಬೇಗ! ಬೇಗ ಹೋಗಪ್ಪಾ!" ಎಂದು ಕೂಗುತ್ತಾ ಬೀದಿಯ ಕೊನೆಯವರೆಗೂ ನಾನು ಕುದುರೆಯ ಹಿಂದೆ ಓಡಿದೆ. ಜನ ಹುಚ್ಚಿ ಅಂದುಕೊಂಡಿರಬೇಕು.

ಸವಾರ ಸಮಯಕ್ಕೆ ತಲುಪಿದ. ದಳ ಮೇಲ್ಗಡೆ ದಾಟಿತು. ಫಿಂಟನ್ ಉಳಿದ. ಅವನ ಪಕ್ಕದಲ್ಲಿದ್ದ ಇಬ್ಬರನ್ನು ನೀರು ಎಳೆದುಕೊಂಡು ಹೋಯಿತು.

ಗಿರಣಿಯ ಬಳಿ ಯಾರಾದರೂ ಹೊಂಚು ಹಾಕಿದ್ದರೇ ಎಂದು ಯಾರೂ ಹೋಗಿ ನೋಡಲಿಲ್ಲ. ಲವೀನಿಯಾ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆ ಕಾಗದ ಒಲೆಗೆ ಹೋಯಿತೋ, ನದಿಯಾಚೆಗೆ ಹೋಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.